ಭದ್ರಾವತಿಯ ಬೋರ್ಡಿಲ್ಲದ ಹಳೇ ಕಬ್ಬಿಣದ ಅಂಗಡಿ: ಗೇಟಿಗೆ ಹೋಗಿ, ಕಾವಲಿಗೆ ಬೇಡ

ಹಳೇ ಗೇಟು, ಕಿಟಕಿ ಸರಳು, ಬೀಡಿನ (ಅಂದರೆ ಎರಕದ ಕಬ್ಬಿಣದ) ಕಂಬ, ಬಾಲ್ಕನಿ ಜಾಲರಿ ಬೇಕಾದವರು ಧಾರಾಳವಾಗಿ ಹೋಗಬಹುದು. ಮುರಿದ ಬೀಡಿನ ಸಾಮಾನಿಗೆ ಬೆಸುಗೆ ಹಾಕಿಸಬೇಕು ಅನ್ನುವವರು ಹೋಗಲೇಬೇಕು. ದೋಸೆ ಕಾವಲಿ ತರೋಣ ಅಂತ ಮಾತ್ರ ಹೋಗಬೇಡಿ. ಬಿಲ್ಲು, ಡೆಲಿವರಿ, ವಾರಂಟಿ ಅಂತ ಕೇಳುವವರಿಗೂ ಈ ಜಾಗ ಆಗಿಬರುವುದಿಲ್ಲ. ಇಷ್ಟೇ ಸಾಕು ಅಂದವರು ಇಲ್ಲಿಗೇ ನಿಲ್ಲಿಸಿ. ಉಳಿದದ್ದು ಹಳೇ ಕಬ್ಬಿಣದ ಹುಚ್ಚಿರುವವರಿಗೆ.

ಶಿವಮೊಗ್ಗದಿಂದ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಮುಖ್ಯ ರಸ್ತೆ ಬಿಟ್ಟು ಒಂದು ಗಲ್ಲಿಗೆ ತಿರುಗಬೇಕು. ಅಂಗಡಿಗೆ ಹೆಸರೂ ಇಲ್ಲ, ಬೋರ್ಡೂ ಇಲ್ಲ. ಮ್ಯಾಪ್ ನೋಡಿಕೊಂಡು ಹೋದರೆ ಸಿಗುವುದಿಲ್ಲ. ‘ಬೀಡು ಬೆಸುಗೆ ಹಾಕ್ತಾರಲ್ಲ, ಆ ಗುಜರಿ ಎಲ್ಲಿ’ ಅಂತ ಯಾವುದಾದರೂ ಟೀ ಅಂಗಡಿಯಲ್ಲಿ ಕೇಳಿ, ತೋರಿಸುತ್ತಾರೆ. ಭಾನುವಾರ ರಜೆ. ಮಧ್ಯಾಹ್ನ ಊಟದ ಹೊತ್ತಿಗೆ ಹೋದರೆ ಹೊರಗೆ ಕಾಯಬೇಕಾಗುತ್ತದೆ, ಕೂರುವುದಕ್ಕೆ ಜಾಗ ಅಂತ ಇರುವುದು ಒಂದು ತಿರುಗಿಸಿಟ್ಟ ಗೇರ್ ಬಾಕ್ಸ್ ಮಾತ್ರ.

ಮುಂದಿನ ಭಾಗ ಎಲ್ಲಾ ಊರಿನ ಗುಜರಿ ಅಂಗಡಿಯ ಹಾಗೇ ಇದೆ. ಪ್ಲಾಸ್ಟಿಕ್ಕು, ರಟ್ಟು, ಫ್ಯಾನಿನ ಮೋಟಾರು, ಬ್ಯಾಟರಿ. ನೋಡಿ ವಾಪಸ್ ಬರಬೇಡಿ. ಹಿಂದೆ ಶೀಟು ಹೊದಿಸಿದ ಉದ್ದನೆಯ ಶೆಡ್ಡು ಇದೆ, ನಿಜವಾದ ಅಂಗಡಿ ಅದು. ಮನೆ ಒಡೆಯುವವರಿಂದ ಯಜಮಾನರು ನೇರವಾಗಿ ಸಾಮಾನು ತರಿಸಿಕೊಳ್ಳುತ್ತಾರೆ. ಶಿವಮೊಗ್ಗದ ದುರ್ಗಿಗುಡಿ, ಗಾಂಧಿ ಬಜಾರ್ ಕಡೆಯ ಹಳೇ ಮನೆಗಳು, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯ ತೊಟ್ಟಿ ಮನೆಗಳು, ಹಳೇ ಕಾಫಿ ಎಸ್ಟೇಟಿನ ಗೋದಾಮುಗಳು, ಹೀಗೆ ಎಲ್ಲಿಂದಲೋ ಬಂದದ್ದು ಇಲ್ಲಿ ಒರಗಿ ನಿಂತಿರುತ್ತದೆ. ಬಾಲ್ಕನಿ ಜಾಲರಿ, ಸುತ್ತು ಮೆಟ್ಟಿಲಿನ ಹಲಗೆ, ಬೀದಿ ನಲ್ಲಿಯ ಕಂಬ, ಬಾವಿಯ ರಾಟೆ, ಕಬ್ಬಿನ ಗಾಣದ ಚಕ್ರ, ಮೀಟರ್ ಗೇಜ್ ರೈಲಿನ ಕಾಲದಲ್ಲಿ ಹಳಿಯ ಅಡಿಗೆ ಇಡುತ್ತಿದ್ದ ಬೀಡಿನ ಸ್ಲೀಪರ್ ತಟ್ಟೆ, ಒಂದು ಕಾಲು ಮುರಿದ ಪಾರ್ಕ್ ಬೆಂಚು. ಶಾಲೆ ಗಂಟೆ ಅಂತ ಹೊಡೆಯುತ್ತಿದ್ದ ರೈಲು ಪಟ್ಟಿಯ ತುಂಡೂ ಇದೆ. ಅದನ್ನು ಮಾರುವುದಿಲ್ಲ. ಯಾಕೆ ಅಂತ ಕೇಳಿದರೆ ‘ಮಾರೋದಿಲ್ಲ ಅಮ್ಮಾ’ ಅಂತ ಅಷ್ಟೇ ಹೇಳುತ್ತಾರೆ.

ನನಗೆ ಬೇಕಾಗಿದ್ದದ್ದು ಗೇಟು. ತೀರ್ಥಹಳ್ಳಿ ಹತ್ತಿರ ನಮ್ಮ ಹಳೇ ಮನೆ ಇದೆ. ತೋಟದ ಬಾಗಿಲಿಗೆ ಮೊದಲು ದಣಪೆ (ಅಡ್ಡ ಗಳು ಸರಿಸುವ ಬಾಗಿಲು) ಇತ್ತು, ಆಮೇಲೆ ಎಲ್ಲರ ಮನೆಯಲ್ಲೂ ಇರುವಂಥ ಸ್ಕ್ವೇರ್ ಪೈಪಿನ ಗೇಟು ಬಂತು. ನಮ್ಮ ಕಡೆಯ ಮಳೆಗೆ ಈ ಪೈಪ್ ಗೇಟು ತಡೆಯುವುದಿಲ್ಲ. ಹೊರಗಿನಿಂದ ಎಷ್ಟು ಪೇಂಟ್ ಹೊಡೆದರೂ ಪ್ರಯೋಜನ ಇಲ್ಲ, ಯಾಕೆಂದರೆ ಅದು ಕೊಳೆಯುವುದು ಒಳಗಿನಿಂದ. ಬೆಸುಗೆಯಲ್ಲಿ ಎಲ್ಲೋ ಒಂದು ಸೂಜಿ ಮೊನೆಯಷ್ಟು ತೂತು ಉಳಿದಿರುತ್ತದೆ, ಆಷಾಢದ ನೀರು ಅಲ್ಲಿಂದ ಇಳಿಯುತ್ತದೆ, ಪೈಪಿನ ತಳದಲ್ಲಿ ನಿಲ್ಲುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಂದು ದಿನ ಕಾಲಲ್ಲಿ ಒದ್ದರೆ ಕೆಳಗಿನ ಪಟ್ಟಿಯೇ ಕಳಚಿ ಬೀಳುತ್ತದೆ. ಗಟ್ಟಿ ಸರಳು, ಗಟ್ಟಿ ಪಟ್ಟಿಯ ಗೇಟಿಗೆ ಈ ರೋಗ ಇಲ್ಲ. ತುಕ್ಕು ಎಲ್ಲಿ ಹಿಡಿಯುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ, ಉಜ್ಜಿ ಪೇಂಟ್ ಹೊಡೆಯಬಹುದು. ಹೊಸದಾಗಿ ಗಟ್ಟಿ ಸರಳಿನಲ್ಲಿ ಮಾಡಿಸಬಹುದಲ್ಲ ಅಂದರೆ, ಮಾಡಿಸಬಹುದು, ರೇಟು ಕೇಳಿ ಸುಮ್ಮನಾದೆ.

ಶೆಡ್ಡಿನಲ್ಲಿ ಎರಡು ಬಾಗಿಲಿನ ಗೇಟೊಂದು ಹಿಡಿಸಿತು. ಮೇಲೆ ಸುರುಳಿ ಸುರುಳಿ ಕೆಲಸ, ಕೆಳಗೆ ಒತ್ತಾಗಿ ಸರಳು, ನಾಯಿ ನುಗ್ಗದಷ್ಟು. ಯಜಮಾನರು ತಕ್ಷಣ ರೇಟು ಹೇಳಲಿಲ್ಲ. ‘ಮೊದಲು ಇದೇನು ಅಂತ ತಿಳ್ಕೊಳ್ಳಿ’ ಅಂತ ಹತ್ತಿರ ಕರೆದು ತೋರಿಸಿದರು. ಅಡ್ಡಪಟ್ಟಿಗೆ ತೂತು ಹೊಡೆದು ಸರಳನ್ನು ಅದರಲ್ಲಿ ತೂರಿಸಿದ್ದಾರೆ. ಸುರುಳಿಗಳನ್ನು ಪಕ್ಕದ ಸರಳಿಗೆ ಸೇರಿಸಿರುವುದು ಸಣ್ಣ ಪಟ್ಟಿಯ ಬಳೆ ಸುತ್ತಿ. ಮೂಲೆಗಳಲ್ಲಿ ರಿವಿಟ್, ರಿವಿಟಿನ ತಲೆ ಒಂದರ ಹಾಗೆ ಇನ್ನೊಂದಿಲ್ಲ. ಕರೆಂಟಿನ ಬೆಸುಗೆ ಇಡೀ ಗೇಟಿನಲ್ಲಿ ಒಂದೇ ಕಡೆ, ಕೆಳಗಿನ ಕೀಲಿನ ಹತ್ತಿರ. ಅದು ಆಮೇಲೆ ಯಾರೋ ಮಾಡಿದ ರಿಪೇರಿ. ‘ಹಾಳು ಮಾಡಿದ್ದಾರೆ ನೋಡಿ’ ಅಂತ ಅದನ್ನೂ ಅವರೇ ತೋರಿಸಿದರು. ನಾನಾಗಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ತಳದಲ್ಲಿ ಒಂದು ಸರಳಿನ ತುದಿ ತುಕ್ಕು ತಿಂದಿತ್ತು. ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್, ಈಗಿನ ಮಾಮೂಲಿ ಉಕ್ಕು) ಕಂಬಿ ತುಕ್ಕು ಹಿಡಿದರೆ ಚಕ್ಕೆ ಏಳುತ್ತದೆ. ಇದು ಅಗಿದು ಉಗಿದ ಕಬ್ಬಿನ ಹಾಗೆ ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ಇದು ಹಳೇ ಕಾಲದ ಮೆದು ಕಬ್ಬಿಣ. ಕಾಯಿಸಿ, ಬಡಿದು, ಮಡಿಸಿ, ಮತ್ತೆ ಬಡಿದು ಮಾಡಿದ್ದು. ಬಡಿಯುವಾಗ ಕಿಟ್ಟ, ಅಂದರೆ ಕಬ್ಬಿಣದ ಕಸ, ಪೂರ್ತಿ ಹೊರಗೆ ಹೋಗುವುದಿಲ್ಲ, ಸಣ್ಣ ಸಣ್ಣ ಗೆರೆಗಳಾಗಿ ಒಳಗೇ ಉಳಿಯುತ್ತದೆ, ಅದಕ್ಕೇ ಈ ಎಳೆ. ಈ ಜಾತಿಯ ಕಬ್ಬಿಣವನ್ನು ಈಗ ದೊಡ್ಡ ಪ್ರಮಾಣದಲ್ಲಿ ಪ್ರಪಂಚದಲ್ಲಿ ಯಾರೂ ಮಾಡುವುದಿಲ್ಲ. ಅಗ್ಗದ ಉಕ್ಕು ಬಂದ ಮೇಲೆ ಇದು ಹೋಯಿತು. ನಾವು ಅಂಗಡಿಗಳಲ್ಲಿ ‘ರಾಟ್ ಐರನ್’ ಅಂತ ಕೊಳ್ಳುವ ಸೋಫಾ, ಜೋಕಾಲಿ ಎಲ್ಲಾ ಬಗ್ಗಿಸಿದ ಎಂಎಸ್ ಕಂಬಿ, ಅಷ್ಟೇ.

ಆಮೇಲೆ ಗ್ರೈಂಡರ್ ತಂದು ಮೂರು ತುಂಡುಗಳನ್ನು ಒಂದೊಂದಾಗಿ ತಾಗಿಸಿ ಕಿಡಿ ತೋರಿಸಿದರು. ಈ ಅಂಗಡಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಬೀಡಿನ ಕಿಡಿ ಗಿಡ್ಡ, ಕೆಂಪು, ಚಕ್ರದ ಹತ್ತಿರವೇ ಸತ್ತುಹೋಗುತ್ತದೆ. ಎಂಎಸ್‌ದು ಉದ್ದ, ಬಿಳಿ ಹಳದಿ, ತುದಿಯಲ್ಲಿ ಅಲ್ಲಲ್ಲಿ ಕವಲು ಒಡೆಯುತ್ತದೆ. ಹಳೇ ಲಾರಿ ಸ್ಪ್ರಿಂಗಿನ ಪಟ್ಟಿ ತಾಗಿಸಿದರೆ ಸುರುಸುರು ಬತ್ತಿಯೇ. ಎಲ್ಲಾ ಇಂಗಾಲದ ಆಟ. ಬೀಡಿನಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಭಾಗ ಇಂಗಾಲ ಇರುತ್ತದೆ, ಅದಕ್ಕೆ ಅದು ಭಾರ ಹೊರುತ್ತದೆ ಆದರೆ ಸುತ್ತಿಗೆ ಏಟಿಗೆ ಒಡೆಯುತ್ತದೆ. ಎಂಎಸ್‌ನಲ್ಲಿ ನೂರಕ್ಕೆ ಒಂದರ ಕಾಲು ಭಾಗಕ್ಕಿಂತ ಕಡಿಮೆ, ಬಗ್ಗುತ್ತದೆ ಆದರೆ ಒಡೆಯುವುದಿಲ್ಲ. ಯಾರಾದರೂ ನಿಮಗೆ ಕಪ್ಪು ಪೇಂಟ್ ಹೊಡೆದ ಕಂಬ ತೋರಿಸಿ ‘ಹಳೇ ಬೀಡು’ ಅಂತ ಹೇಳಿದರೆ ಕಣ್ಣಿಗೆ ಕಾಣದ ಮೂಲೆಯಲ್ಲಿ ಗ್ರೈಂಡರ್ ತಾಗಿಸಿ ಅನ್ನಿ. ಒಪ್ಪದಿದ್ದರೆ ಎದ್ದು ಬನ್ನಿ.

ಇವರಿಗೆ ಇದೆಲ್ಲಾ ಹೇಗೆ ಗೊತ್ತು ಅಂದರೆ, ತಂದೆ ಕಾರ್ಖಾನೆಯ ಫೌಂಡ್ರಿಯಲ್ಲಿ ಇದ್ದವರು. ಭದ್ರಾವತಿಯಲ್ಲಿ ‘ಕಾರ್ಖಾನೆ’ ಅಂದರೆ ಯಾವುದು ಅಂತ ಯಾರೂ ಕೇಳುವುದಿಲ್ಲ, ಅಲ್ವಾ. ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ನಾಲ್ವಡಿಯವರ ಕಾಲದಲ್ಲಿ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ. 1918ರಲ್ಲಿ ಕೆಲಸ ಶುರು, 1923ರಲ್ಲಿ ಮೊದಲ ಕಬ್ಬಿಣ. ಆಗ ಈ ಜಾಗ ಯಾಕೆ ಆರಿಸಿದರು ಅಂತ ಯೋಚಿಸಿದರೆ ಲೆಕ್ಕ ಸರಿಯಾಗೇ ಇದೆ. ಅದಿರು ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಇಳಿಯುತ್ತಿತ್ತು. ಸುಣ್ಣದ ಕಲ್ಲು ಭಂಡಿಗುಡ್ಡದ್ದು. ನೀರು ಭದ್ರೆಯದ್ದು. ಕಲ್ಲಿದ್ದಲು ಮಾತ್ರ ಮೈಸೂರು ಸೀಮೆಯಲ್ಲಿ ಇಲ್ಲ, ದೂರದಿಂದ ರೈಲಿನಲ್ಲಿ ತರಿಸಿದರೆ ಪೂರೈಸುವುದಿಲ್ಲ. ಹಾಗಾಗಿ ಮಲೆನಾಡಿನ ಕಾಡಿನ ಮರ ಕಡಿದು, ಟ್ರಾಮ್‌ವೇಯಲ್ಲಿ ಸಾಗಿಸಿ, ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಮರ ಸುಡುವಾಗ ಬರುವ ಹೊಗೆಯನ್ನೂ ಬಿಡಲಿಲ್ಲ, ಅದರಿಂದ ಟಾರು, ಮಿಥೈಲ್ ಆಲ್ಕೋಹಾಲ್, ಅಸಿಟೇಟ್ ತೆಗೆದು ಮಾರುತ್ತಿದ್ದರು. ಎಷ್ಟು ಕಾಡು ಹೋಯಿತು ಅನ್ನುವುದನ್ನು ನೆನೆಸಿಕೊಂಡರೆ ಹೊಟ್ಟೆ ಚುರ್ ಅನ್ನುತ್ತದೆ, ಅದು ಬೇರೆ ವಿಷಯ. ಇದ್ದಿಲಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಕಬ್ಬಿಣದಲ್ಲೂ ಗಂಧಕ ಕಡಿಮೆ. ಒಳ್ಳೆ ಎರಕಕ್ಕೆ ಅದು ಬೇಕು. ಹಳೇ ಬೀಡಿನ ಬಗ್ಗೆ ಯಜಮಾನರು ಹೆಮ್ಮೆಯಿಂದ ಮಾತಾಡಿದರೆ ಅದಕ್ಕೆ ಕಾರಣ ಇದೆ.

ಉಕ್ಕು ಬಂದದ್ದು 1936ರಲ್ಲಿ. ಜೋಗದ ಕರೆಂಟು ಬಂದ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆ. 1976ರಲ್ಲಿ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರು ಇಟ್ಟರು, 1989ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೇಲ್ ಕೈಗೆ ಹೋಯಿತು, 1998ರಲ್ಲಿ ಅದರೊಳಗೇ ಸೇರಿತು. ಆಮೇಲಿನದ್ದು ನಿಮಗೂ ಗೊತ್ತು. ಸ್ವಂತ ಗಣಿ ಉಳಿದಿರಲಿಲ್ಲ, ಅದಿರನ್ನು ಕೊಂಡು ತರಬೇಕಿತ್ತು. ಇದೇ ರಾಜ್ಯದ ತೋರಣಗಲ್ಲಿನಲ್ಲಿ ಅದಿರಿನ ಪಕ್ಕದಲ್ಲೇ ಕೂತ ದೊಡ್ಡ ಕಾರ್ಖಾನೆ ವರ್ಷಕ್ಕೆ ಕೋಟಿ ಟನ್ ಮೀರಿ ಉಕ್ಕು ಮಾಡುವಾಗ ಇಲ್ಲಿನ ಪುಟ್ಟ ಕುಲುಮೆ ಎಲ್ಲಿ ನಿಲ್ಲಬೇಕು. ಮಾರುವುದಕ್ಕೆ ನೋಡಿದರು, ಕೊಳ್ಳುವವರು ಸರಿಯಾಗಿ ಬರಲಿಲ್ಲ, 2022ರಲ್ಲಿ ಅದನ್ನು ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ, ಗುತ್ತಿಗೆ ಕಾರ್ಮಿಕರ ಧರಣಿ, ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಶುರು. ಬಾರ್ ಮಿಲ್ ಅಂದರೆ ಬೇರೆ ಕಡೆಯಿಂದ ಬಂದ ಉಕ್ಕನ್ನು ಕಾಯಿಸಿ ಸರಳು ಎಳೆಯುವುದು. ಅದಿರಿನಿಂದ ಕಬ್ಬಿಣ ತೆಗೆಯುವ ಕೆಲಸ ಅದಲ್ಲ. ಪಕ್ಕದ ಎಂಪಿಎಂ ಕಾಗದ ಕಾರ್ಖಾನೆ 2015ರಲ್ಲೇ ನಿಂತಿತ್ತು. ಒಂದು ನಿಂತು, ಇನ್ನೊಂದು ಕುಂಟುತ್ತಿರುವ ಊರಲ್ಲಿ ಗುಜರಿ ಅಂಗಡಿ ತುಂಬುವುದರಲ್ಲಿ ಆಶ್ಚರ್ಯ ಏನಿದೆ.

ಇಲ್ಲಿ ಒಂದು ಮಾತು ಹೇಳಬೇಕು. ‘ಎಲ್ಲಾ ಹೋಯ್ತು, ಎರಕ ಹೊಯ್ಯೋರೇ ಇಲ್ಲ’ ಅಂತ ಭದ್ರಾವತಿಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಶಿವಮೊಗ್ಗ ಭದ್ರಾವತಿ ಮಧ್ಯೆ ಮಾಚೇನಹಳ್ಳಿಯಲ್ಲಿ ಈಗಲೂ ಫೌಂಡ್ರಿಗಳು ನಡೆಯುತ್ತಿವೆ. ಆದರೆ ಅಲ್ಲಿ ಹೊಯ್ಯುವುದು ವಾಹನಗಳ, ಮಷೀನುಗಳ ಬಿಡಿಭಾಗ. ಎಲ್ಲಾ ಬಾನೆಟ್ ಒಳಗೆ ಹೋಗಿ ಕೂರುತ್ತದೆ. ಬೀದಿಯಲ್ಲಿ ನಿಲ್ಲುವ ಬೀಡು, ಅಂದರೆ ದೀಪದ ಕಂಬ, ನಲ್ಲಿ ಕಂಬ, ಬೆಂಚಿನ ಕಾಲು, ಜಾಲರಿ, ಅದನ್ನು ಕೇಳುವವರು ಇಲ್ಲ. ಮ್ಯಾನ್‌ಹೋಲ್ ಮುಚ್ಚಳ ಕೂಡ ಕಾಂಕ್ರೀಟಿಗೆ ತಿರುಗಿದೆ, ಬೀಡಿನದ್ದಾದರೆ ಕದ್ದು ತೂಕಕ್ಕೆ ಹಾಕುತ್ತಾರೆ ಅಂತ. ಸ್ಮಾರ್ಟ್ ಸಿಟಿ ಕೆಲಸ ಬಂದಾಗ ಶಿವಮೊಗ್ಗದ ಫುಟ್‌ಪಾತಿಗೆಲ್ಲಾ ಹೊಸ ರೂಪ ಬಂತು, ನಡೆಯುವುದಕ್ಕೆ ಅನುಕೂಲವೇ ಆಯಿತು, ಆದರೆ ಕೈ ಇಟ್ಟರೆ ತಣ್ಣಗೆ, ಭಾರವಾಗಿ ಸಿಗುವಂಥ ಒಂದು ಕಂಬ ಹುಡುಕಿ ನೋಡಿ.

ಬೆಸುಗೆಗೆ ಬರೋಣ. ಆ ಕಾಲು ಮುರಿದ ಬೆಂಚನ್ನೂ ತೆಗೆದುಕೊಂಡೆ, ರಿಪೇರಿ ಮಾಡಿಕೊಡುವ ಶರತ್ತಿನ ಮೇಲೆ. ಬೀಡಿಗೆ ಬೆಸುಗೆ ಹಾಕುವುದು ಸುಲಭದ ಕೆಲಸ ಅಲ್ಲ. ಮಾಮೂಲಿ ರಾಡ್ ಹಾಕಿ ಸರ್‍ರಂತ ಎಳೆದರೆ ಆಗ ನಿಂತ ಹಾಗೆ ಕಾಣುತ್ತದೆ, ತಣ್ಣಗಾಗುವಾಗ ಬೆಸುಗೆಯ ಪಕ್ಕದಲ್ಲೇ ಟಕ್ ಅಂತ ಬಿಡುತ್ತದೆ. ಶಿವಮೊಗ್ಗದಲ್ಲಿ ಒಂದಿಬ್ಬರನ್ನು ಮೊದಲೇ ಕೇಳಿದ್ದೆ, ‘ಬೀಡಾ, ಬೇಡ ಬಿಡಿ’ ಅಂದಿದ್ದರು. ಅವರನ್ನು ತಪ್ಪು ಅನ್ನುವುದಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು.

ಇಲ್ಲಿ ಕೆಲಸ ಮಾಡುವವರು ಯಜಮಾನರ ಅಳಿಯ. ಮುರಿದ ಎರಡೂ ಮುಖಗಳನ್ನು ಗ್ರೈಂಡರಿನಲ್ಲಿ ಇಳಿಜಾರು ಮಾಡಿ, ಎದುರುಬದುರು ಇಟ್ಟಾಗ ಮಧ್ಯೆ ಕಾಲುವೆ ಬರುವ ಹಾಗೆ ಮಾಡಿಕೊಂಡರು. ಪಕ್ಕದಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಮೇಲಕ್ಕೆ ಓಡಿತ್ತು. ಅದು ಮುಗಿಯುವ ಜಾಗದಲ್ಲಿ ಡ್ರಿಲ್ಲಿನಿಂದ ಪುಟ್ಟ ತೂತು, ಬಿರುಕು ಮುಂದೆ ಓಡದಿರಲಿ ಅಂತ. ಆಮೇಲೆ ಗ್ಯಾಸಿನ ಉರಿಯಲ್ಲಿ ಇಡೀ ಕಾಲನ್ನು ನಿಧಾನಕ್ಕೆ ಕಾಯಿಸಿದರು, ಬರೀ ಮುರಿದ ಜಾಗ ಅಲ್ಲ, ಇಡೀ ಕಾಲು. ಬೆಸುಗೆಗೆ ನಿಕ್ಕಲ್ ರಾಡ್. ಒಂದು ಇಂಚು ಹಾಕುವುದು, ನಿಲ್ಲಿಸುವುದು, ಬೆಸುಗೆ ಇನ್ನೂ ಕೆಂಪಗಿರುವಾಗಲೇ ಪುಟ್ಟ ಸುತ್ತಿಗೆಯಿಂದ ಟಿಕ್ ಟಿಕ್ ಟಿಕ್ ಅಂತ ತಟ್ಟುವುದು, ಮತ್ತೆ ಬೇರೆ ಕಡೆ ಒಂದು ಇಂಚು. ತಟ್ಟಿದರೆ ಬೆಸುಗೆ ಸ್ವಲ್ಪ ಹಿಗ್ಗುತ್ತದೆ, ತಣ್ಣಗಾಗುವಾಗ ಬೀಡನ್ನು ಜಾಸ್ತಿ ಎಳೆಯುವುದಿಲ್ಲ. ಮುಗಿದ ಮೇಲೆ ಒಂದು ಹಳೇ ಡ್ರಮ್ಮಿನಲ್ಲಿ ಒಲೆ ಬೂದಿ ತುಂಬಿ ಅದರಲ್ಲಿ ಹೂತಿಟ್ಟರು. ‘ನಾಳೆ ಬನ್ನಿ’ ಅಂದರು. ಈಗಲೇ ತೆಗೆದು ಕೊಡಿ ಅಂದರೆ ಕೊಡುವುದೇ ಇಲ್ಲ. ಬೂದಿಯಲ್ಲಿ ರಾತ್ರಿಯೆಲ್ಲಾ ನಿಧಾನಕ್ಕೆ ತಣಿಯಬೇಕು.

ಬೆಂಚು ಈಗ ನಮ್ಮ ಜಗಲಿಯಲ್ಲಿದೆ. ಮೂರು ಜನ ಕೂರುತ್ತಾರೆ. ಬೆಸುಗೆ ಹಾಕಿದ ಜಾಗ ಕಾಣುತ್ತದೆ, ಮುಚ್ಚಿ ನುಣುಪು ಮಾಡಿಲ್ಲ. ನೋಡುವುದಕ್ಕೆ ಚಂದ ಬೇಕು ಅನ್ನುವವರು ಮೊದಲೇ ಹೇಳಿ, ಉಜ್ಜಿ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡು.

ರೇಟು. ಎಲ್ಲಾ ತೂಕಕ್ಕೆ. ಬರೀ ಎಂಎಸ್ ಸರಳು, ಆಂಗಲ್ ಬೇಕಿದ್ದರೆ ಕೆಜಿಗೆ 55 ರೂಪಾಯಿ ಹೇಳಿದರು. ನನ್ನ ಗೇಟಿಗೆ ಕೆಜಿಗೆ 85. ಬೀಡಿನ ಕಂಬ, ಜಾಲರಿಗೆ ಇನ್ನೂ ಸ್ವಲ್ಪ ಮೇಲೆ. ಚೌಕಾಸಿ ಮಾಡಿದರೆ ಕೆಜಿ ರೇಟು ಇಳಿಸುವುದಿಲ್ಲ, ತೂಕದಲ್ಲಿ ಒಂದೆರಡು ಕೆಜಿ ಬಿಡುತ್ತಾರೆ. ಈ ಗೇಟನ್ನು ನಾನು ಕೊಳ್ಳದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. ಸ್ವಲ್ಪ ದಿನ ಇಟ್ಟುಕೊಂಡು, ಆಮೇಲೆ ಕಟ್ ಮಾಡಿ ಲಾರಿಗೆ ಹಾಕುವುದಂತೆ. ಅದು ಯಾವುದೋ ಇಂಡಕ್ಷನ್ ಕುಲುಮೆಯಲ್ಲಿ ಕರಗಿ ಮನೆ ಕಟ್ಟುವ ಟಿಎಂಟಿ ಕಂಬಿ ಆಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಕಬ್ಬಿಣ ವ್ಯರ್ಥ ಆಗುವುದಿಲ್ಲವಲ್ಲ. ಆ ಸುರುಳಿ ಕೆಲಸ ಮಾತ್ರ ಮತ್ತೆ ಬರುವುದಿಲ್ಲ.

ಇನ್ನು ದೂರು. ತೂಕದ ಯಂತ್ರ ಹಳೆಯದು, ಮುಳ್ಳು ಅಲ್ಲಾಡುತ್ತಲೇ ಇರುತ್ತದೆ, ಎದುರಿಗೆ ನಿಂತು ಎರಡು ಸಲ ತೂಗಿಸಿ. ಯುಪಿಐ ಇದೆ ಅಂತ ಸ್ಟಿಕ್ಕರ್ ಅಂಟಿಸಿದ್ದಾರೆ, ದೊಡ್ಡ ಮೊತ್ತ ಅಂದರೆ ಮುಖ ಸಣ್ಣ ಮಾಡುತ್ತಾರೆ. ಬಿಲ್ ಕೇಳಿದರೆ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕೊಡುತ್ತಾರೆ. ಸಾಗಾಟ ನಿಮ್ಮದೇ. ಅವರು ಹೇಳಿದ ಗೂಡ್ಸ್ ಆಟೋದವರು ತೀರ್ಥಹಳ್ಳಿ ತನಕ ಬರುವುದಕ್ಕೆ ಕೇಳಿದ ದುಡ್ಡು ಗೇಟಿನ ಕಾಲು ಭಾಗದಷ್ಟಾಯಿತು, ಜೊತೆಗೆ ಮಂಡಗದ್ದೆ ಹತ್ತಿರ ಟೀಗೆ ನಿಂತವರು ಅರ್ಧ ಗಂಟೆ ಏಳಲಿಲ್ಲ. ಫೋನ್ ಮಾಡಿದರೆ ಯಜಮಾನರು ಎತ್ತುವುದಿಲ್ಲ. ಎತ್ತಿದರೂ ಹಿಂದೆ ಗ್ರೈಂಡರ್ ಶಬ್ದದಲ್ಲಿ ಏನೂ ಕೇಳುವುದಿಲ್ಲ. ಫೋಟೋ ಕಳಿಸಿ ಅಂದರೆ ಯಾವುದೋ ಬೇರೆ ಗೇಟಿನ ಫೋಟೋ ಬರುತ್ತದೆ. ಶೆಡ್ಡಿನಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡಬೇಡಿ, ಶೂ ಹಾಕಿಕೊಂಡು ಹೋಗಿ, ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ದೊಡ್ಡ ದೂರು ಪೇಂಟಿನದ್ದು. ಹಳೇ ಗೇಟಿನ ಮೇಲೆ ಪದರ ಪದರ ಪೇಂಟ್ ಇರುತ್ತದೆ. ಹಳೇ ಪೇಂಟು, ಹಳೇ ಕೆಂಪು ಪ್ರೈಮರಿನಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಇವರು ಅದನ್ನು ಗ್ರೈಂಡರಿನಲ್ಲಿ ಒಣ ಉಜ್ಜುತ್ತಾರೆ, ಮುಖಕ್ಕೆ ಒಂದು ಕರ್ಚೀಫ್ ಕಟ್ಟಿಕೊಂಡು. ಆ ಹುಡುಗರ ಎದೆಗೆ ಒಳ್ಳೆಯದಲ್ಲ, ನಿಮಗೂ ಅಲ್ಲ. ಉಜ್ಜಬೇಡಿ ಅಂತ ಹೇಳಿ ಹಾಗೇ ತಂದೆ. ಮನೆಯಲ್ಲಿ ಪೇಂಟ್ ರಿಮೂವರ್ ಹಚ್ಚಿ, ಮಾಸ್ಕ್ ಹಾಕಿಕೊಂಡು, ಹಸಿಯಾಗಿದ್ದಾಗಲೇ ಕೆರೆದು ತೆಗೆದು, ಕೆರೆದದ್ದನ್ನು ತೋಟಕ್ಕೆ ಎಸೆಯದೆ ಕವರಿನಲ್ಲಿ ಕಟ್ಟಿಟ್ಟೆವು. ಆಮೇಲೆ ವೈರ್ ಬ್ರಷ್. ಬ್ರಷ್ ಹಾಕಿದ ದಿನವೇ ಪ್ರೈಮರ್ ಹೊಡೆಯಿರಿ, ಮಲೆನಾಡಿನ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ಬೆಳಿಗ್ಗೆ ಕೆಂಪು ಪುಡಿ ಕೂತಿರುತ್ತದೆ. ಈ ಕೆಲಸ ಶಿವರಾತ್ರಿ ಯುಗಾದಿ ಮಧ್ಯೆ ಮಾಡಿದರೆ ಒಳ್ಳೆಯದು. ಗೇಟಿನ ತಳ ನೆಲಕ್ಕೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಡಿ.

ಇವರ ಪ್ರಾಮಾಣಿಕತೆಗೆ ಒಂದು ಮಾತು. ಶೆಡ್ಡಿನ ಮೂಲೆಯಲ್ಲಿ ಹೂವಿನ ತಲೆ ಇರುವ ಬೀಡಿನ ಕಂಬಗಳಿವೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ಇರುವ ಬೀಡಿನ ಕಂಬಗಳು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಫೌಂಡ್ರಿಯಲ್ಲಿ ಆದದ್ದು. ಅರಮನೆ 1912ರಲ್ಲಿ ಮುಗಿಯಿತು, ಆಗ ಭದ್ರಾವತಿ ಕಾರ್ಖಾನೆ ಹುಟ್ಟಿರಲಿಲ್ಲ. ಹಾಗಾಗಿ ಹಳೇ ಕಂಬ ಕಂಡರೆ ಸಾಕು, ‘ಗ್ಲಾಸ್ಗೋ ಮಾಲು’ ಅಂತ ಹೇಳಿ ಎರಡು ಪಟ್ಟು ಕೇಳುವವರಿದ್ದಾರೆ. ನಾನೇ ಇದು ಗ್ಲಾಸ್ಗೋದ್ದಾ, ನಮ್ಮ ಕಾರ್ಖಾನೆಯದ್ದಾ ಅಂತ ಕೇಳಿದೆ. ಯಜಮಾನರು ಕಂಬದ ಬುಡ ಒರೆಸಿ ಸುತ್ತ ತೋರಿಸಿದರು. ಯಾವ ಅಕ್ಷರವೂ ಇಲ್ಲ. ‘ಹೆಸರಿಲ್ಲ ಅಂದ್ಮೇಲೆ ನಾನ್ಯಾಕೆ ಹೆಸರು ಇಡಲಿ’ ಅಂದರು. ಆಮೇಲೆ ಸ್ಪ್ಯಾನರಿನಿಂದ ಮೇಲಿಂದ ಕೆಳಗೆ ತಟ್ಟುತ್ತಾ ಬಂದರು. ಒಂದು ಕಂಬ ಠಣ್ ಅಂತು, ಇನ್ನೊಂದು ಮಧ್ಯದಲ್ಲಿ ಮಂಕಾಗಿ ದಬ್ ಅಂತು. ‘ಇದು ಒಳಗೆ ಬಿಟ್ಟಿದೆ, ಭಾರಕ್ಕೆ ಬೇಡ, ಗಿಡದ ಕುಂಡ ಇಡೋಕೆ ತಗೊಳ್ಳಿ’.

ಆ ಸಾರಸೆನ್ ಫೌಂಡ್ರಿ 1967ರಲ್ಲಿ ಬಾಗಿಲು ಹಾಕಿತು. ಇಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಬದಲು ಇಟ್ಟುಕೊಂಡಿರುವ ರೈಲು ತುಂಡಿನ ಪಕ್ಕದಲ್ಲಿ ‘ಬ್ಯಾರೋ ಸ್ಟೀಲ್’ ಅಂತ ಉಬ್ಬು ಅಕ್ಷರ ಇದೆ, ಸುತ್ತಿಗೆ ಏಟಿಗೆ ಅರ್ಧ ಮಾಸಿದೆ. ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಬ್ಯಾರೋ ಊರಿನ ಆ ಉಕ್ಕಿನ ಕಾರ್ಖಾನೆ ಒಂದು ಕಾಲದಲ್ಲಿ ಪ್ರಪಂಚಕ್ಕೆಲ್ಲಾ ರೈಲು ಪಟ್ಟಿ ಕಳಿಸುತ್ತಿತ್ತು. 1983ರಲ್ಲಿ ಅದೂ ಮುಚ್ಚಿತು. ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ನಮ್ಮ ಟಾಟಾದವರದ್ದೇ ಅದಿರು ಕರಗಿಸುವ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ಕ್ಕೆ ಆರಿತು. ಯಜಮಾನರಿಗೆ ಇದನ್ನು ಹೇಳಿದೆ. ‘ಅಲ್ಲೂ ಧರಣಿ ಕೂತಿದ್ರಾ’ ಅಂತ ಕೇಳಿದರು.

ಕಾವಲಿ ಯಾಕೆ ಬೇಡ ಅಂದೆ ಅಂದರೆ, ಮುಂದಿನ ಭಾಗದಲ್ಲಿ ಹೊಸ ಬೀಡಿನ ಕಾವಲಿ, ಬಾಣಲೆ, ಪಡ್ಡು ಹಂಚು ಜೋಡಿಸಿಟ್ಟಿದ್ದಾರೆ. ಕೊಳ್ಳುವವರು ಭದ್ರಾವತಿ ಕಬ್ಬಿಣ ಅಂದುಕೊಂಡು ಕೊಳ್ಳುತ್ತಾರೆ. ಕೇಳಿದರೆ ತಮಿಳುನಾಡಿನಿಂದ ಬರುತ್ತದೆ ಅಂತ ಅವರೇ ಹೇಳುತ್ತಾರೆ, ಕೇಳದಿದ್ದರೆ ಸುಮ್ನೆ ಇರುತ್ತಾರೆ. ಮಾಲು ಕೆಟ್ಟದ್ದೇನಲ್ಲ, ಆದರೆ ಮೈ ಒರಟು, ಕಪ್ಪು ಬಣ್ಣ ಬಳಿದಿರುವುದು ಕೈಗೆ ಹತ್ತುತ್ತದೆ, ಮತ್ತು ಅದೇ ಕಾವಲಿ ಶಿವಮೊಗ್ಗದ ಪಾತ್ರೆ ಅಂಗಡಿಗಳಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದೆ. ಶೆಡ್ಡಿನಲ್ಲಿರುವ ಹಳೇ ಕಾವಲಿ ಕೇಳಿದರೆ ಕೊಡುತ್ತಾರೆ, ಆದರೆ ಅದು ಯಾವ ಪೇಂಟಿನ ಡಬ್ಬದ ಕೆಳಗಿತ್ತೋ ಯಾರಿಗೆ ಗೊತ್ತು, ನಾನಂತೂ ಅದರಲ್ಲಿ ದೋಸೆ ಹುಯ್ಯುವುದಿಲ್ಲ. ಅಡಿಕೆ ಸುಲಿಯುವ ಮೆಟ್ಟುಕತ್ತಿಯನ್ನು ಲಾರಿ ಸ್ಪ್ರಿಂಗಿನಲ್ಲಿ ಮಾಡಿಕೊಡುತ್ತಾರೆ, ನಮ್ಮ ಪಕ್ಕದ ಮನೆಯವರು ಎರಡು ತರಿಸಿಕೊಂಡರು, ಮೊನೆ ಚೆನ್ನಾಗಿ ನಿಂತಿದೆ ಅಂದರು. ಅದು ಬೇಕಿದ್ದರೆ ಕೊಯ್ಲಿಗೆ ಮುಂಚೆಯೇ ಹೇಳಿ, ಆಮೇಲೆ ಅವರಿಗೆ ಪುರಸೊತ್ತು ಇರುವುದಿಲ್ಲ.

ಸರ್ಕಾರಿ ಮುದ್ರೆ ಇರುವ ಮುಚ್ಚಳ, ಈಗಿನ ರೈಲ್ವೆ ಸಾಮಾನು, ಕರೆಂಟ್ ಕಂಬದ ತುಂಡು ಇವರು ಮುಟ್ಟುವುದಿಲ್ಲ. ನಾನಿದ್ದಾಗಲೇ ಒಬ್ಬ ಹುಡುಗ ಚೀಲದಲ್ಲಿ ಏನೋ ತಂದ, ಬಿಚ್ಚಿ ನೋಡಿ ಬೈದು ಕಳಿಸಿದರು. ಹಳೇ ಸ್ಲೀಪರ್ ತಟ್ಟೆಗಳು ಹರಾಜಿನಲ್ಲಿ ಬಂದದ್ದು ಅಂತ ಕಾಗದ ಇಟ್ಟುಕೊಂಡಿದ್ದಾರೆ. ನೀವು ಕೊಂಡರೆ ಅದರ ಜೆರಾಕ್ಸ್ ಕೇಳಿ ಇಸ್ಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಒಣ ಉಜ್ಜುವಿಕೆಗೆ, ಆಟೋದವರಿಗೆ ಅಲ್ಲ.

ಆ ಹೂವಿನ ತಲೆಯ ಕಂಬಗಳಲ್ಲಿ ಠಣ್ ಅನ್ನುವ ಎರಡು ನಾನು ಹೋದಾಗ ಇನ್ನೂ ಇದ್ದವು. ಎತ್ತರ ಎಂಟೂವರೆ ಅಡಿ, ಬುಡದಲ್ಲಿ ನಾಲ್ಕು ಬೋಲ್ಟಿನ ತೂತು, ಎತ್ತುವುದಕ್ಕೆ ನಾಲ್ಕು ಜನ ಬೇಕು. ಮಳೆ ಶುರುವಾಗುವ ಹೊತ್ತಿಗೆ ಶೆಡ್ಡು ಖಾಲಿ ಮಾಡಬೇಕಂತೆ, ಯಾರೂ ಕೇಳದಿದ್ದರೆ ಒಡೆದು ಫೌಂಡ್ರಿಗೆ ಹಾಕುತ್ತಾರೆ. ಜಗಲಿ ಕಟ್ಟಿಸುತ್ತಿರುವವರು ಮಾಡಿನ ಎತ್ತರ ಅಳೆದುಕೊಂಡು ಹೋಗಿ.